ಒಣ ಕೆರೆಯ ಅಂಚಿನಲ್ಲಿ ವಿಮಾನ ನಿಲ್ದಾಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ನೆವಾಡಾ ರಾಜ್ಯದಲ್ಲಿ, ಲಾಸ್ ವೇಗಾಸ್ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಇವಾನ್‌ಪಾ ಎಂಬ ಮರುಭೂಮಿ ಕಣಿವೆಯಲ್ಲಿ ಹೊಸ ವಿಮಾನ ನಿಲ್ದಾಣ ಕಟ್ಟುವ ಆಲೋಚನೆ ಎರಡು ದಶಕಗಳಿಗೂ ಹಳೆಯದು. ಈ ಯೋಜನೆಯ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಲಾಸ್ ವೇಗಾಸ್‌ಗೆ ಈಗಾಗಲೇ ದೊಡ್ಡ ವಿಮಾನ ನಿಲ್ದಾಣವಿದೆ. ಅದನ್ನೇ ವಿಸ್ತರಿಸುವುದು ಬಿಟ್ಟು ಇಷ್ಟು ದೂರ ಹೋಗುವ ಅಗತ್ಯವೇನು?

ವಿಸ್ತರಿಸಲು ಜಾಗವಿಲ್ಲ ಎಂಬುದೇ ಕಾರಣ. 2021ರವರೆಗೆ ಮೆಕ್ಯಾರನ್ ಎಂಬ ಹೆಸರಿನಲ್ಲಿದ್ದ ಇಂದಿನ ಹ್ಯಾರಿ ರೀಡ್ ವಿಮಾನ ನಿಲ್ದಾಣವನ್ನು ನಗರ ಎಲ್ಲ ದಿಕ್ಕುಗಳಿಂದಲೂ ಸುತ್ತುವರಿದಿದೆ. ಪಶ್ಚಿಮದ ಬೇಲಿಯಾಚೆಗೆ ಸ್ವಲ್ಪ ದೂರದಲ್ಲೇ ದೊಡ್ಡ ಹೋಟೆಲುಗಳ ಸಾಲು ಇದೆ. ಅಲ್ಲಿರುವ ನಾಲ್ಕು ರನ್‌ವೇಗಳಿಗೆ ಐದನೆಯದನ್ನು ಸೇರಿಸಲು ಸಾಧ್ಯವಿಲ್ಲ. 2024ರಲ್ಲಿ ಆ ನಿಲ್ದಾಣವನ್ನು ಬಳಸಿದ ಪ್ರಯಾಣಿಕರ ಸಂಖ್ಯೆ ಸುಮಾರು 5 ಕೋಟಿ 84 ಲಕ್ಷ. ಅದರ ಧಾರಣಶಕ್ತಿ ಆರೂವರೆ ಕೋಟಿಯ ಆಸುಪಾಸಿನಲ್ಲಿ ಮುಗಿಯುತ್ತದೆ ಎಂಬುದು ಅಂದಾಜು.

ಈ ದಿನ ಬರುತ್ತದೆಂದು ಮೊದಲೇ ಊಹಿಸಿದ್ದರಿಂದ, ಇವಾನ್‌ಪಾ ಕಣಿವೆಯ ಸುಮಾರು 6,000 ಎಕರೆ ಸರ್ಕಾರಿ ಭೂಮಿಯನ್ನು ಲಾಸ್ ವೇಗಾಸ್ ಇರುವ ಕ್ಲಾರ್ಕ್ ಕೌಂಟಿಗೆ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮಾರಲು ಅಮೆರಿಕದ ಸಂಸತ್ತು 2000ನೇ ಇಸವಿಯಲ್ಲಿಯೇ ಕಾನೂನು ಮಾಡಿತು. 2004ರಲ್ಲಿ ಭೂಮಿ ಕೌಂಟಿಯ ಕೈಸೇರಿತು. ಇದಕ್ಕಿಂತ ದೂರದೃಷ್ಟಿಯದು ಎಂದು ನನಗೆ ಅನಿಸುವುದು 2002ರ ಇನ್ನೊಂದು ಕಾನೂನು. ನಿಲ್ದಾಣದ ಸುತ್ತ ಸುಮಾರು 17,000 ಎಕರೆಯನ್ನು, ಮುಂದೆ ವಿಮಾನಗಳ ಸದ್ದಿಗೆ ಸಿಕ್ಕುವ ಮನೆಗಳು ಅಲ್ಲಿ ಏಳದಂತೆ, ಪ್ರತ್ಯೇಕವಾಗಿ ತೆಗೆದಿರಿಸಲು ಅದು ದಾರಿ ಮಾಡಿತು. ಹಳೆಯ ನಿಲ್ದಾಣದ ಬೇಲಿಯವರೆಗೂ ಮನೆಗಳು ಬಂದು ನಿಂತದ್ದನ್ನು ಕಂಡವರು ಮಾಡಿದ ತೀರ್ಮಾನವದು.

ಪ್ರಶ್ನೆ: ಒಣಗಿದ ಕೆರೆಯ ತಳ ಹಲಗೆಯಂತೆ ಸಮತಟ್ಟಾಗಿರುತ್ತದೆ, ಮಳೆಯೂ ಇಲ್ಲ. ಅಲ್ಲಿ ರನ್‌ವೇ ಹಾಕುವುದು ಬಹಳ ಸುಲಭವಲ್ಲವೇ?

ಈ ಪ್ರಶ್ನೆಯನ್ನು ಹಲವರು ಕೇಳಿದ್ದಾರೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಕೀಲಿ ಇರುವುದೂ ಇಲ್ಲಿಯೇ. ಆ ನೆಲ ಸಮತಟ್ಟಾಗಿರುವುದು ಏಕೆ ಎಂದು ಯೋಚಿಸಿದರೆ ಅಪಾಯ ತಾನಾಗಿ ತಿಳಿಯುತ್ತದೆ. ಅದನ್ನು ಸಮತಟ್ಟು ಮಾಡಿದ್ದು ನೀರು. ಇವಾನ್‌ಪಾ ಕಣಿವೆಗೆ ಪಶ್ಚಿಮದಲ್ಲಿ ಸ್ಪ್ರಿಂಗ್ ಪರ್ವತಗಳೂ ಪೂರ್ವದಲ್ಲಿ ಲೂಸಿ ಗ್ರೇ ಬೆಟ್ಟಗಳೂ ಇವೆ. ಕಣಿವೆಗೆ ಹೊರದಾರಿಯಿಲ್ಲ, ಅಲ್ಲಿ ಬಿದ್ದ ಮಳೆ ಯಾವ ನದಿಯನ್ನೂ ಸೇರುವುದಿಲ್ಲ, ಸಮುದ್ರವನ್ನೂ ಮುಟ್ಟುವುದಿಲ್ಲ. ಅಪರೂಪಕ್ಕೆ ಸುರಿಯುವ ಜೋರು ಮಳೆ ಬೋಳು ಬೆಟ್ಟಗಳ ಮೇಲಿಂದ ಕಲ್ಲು, ಮರಳು, ಮೆಕ್ಕಲುಗಳನ್ನು ಹೊತ್ತು ಇಳಿಯುತ್ತದೆ. ಭಾರವಾದದ್ದು ಬೆಟ್ಟದ ಬುಡದಲ್ಲಿ ಬೀಸಣಿಗೆಯ ಆಕಾರದಲ್ಲಿ ಹರಡಿಕೊಳ್ಳುತ್ತದೆ. ನವಿರಾದ ಜೇಡಿ ಮತ್ತು ಉಪ್ಪು ಮಾತ್ರ ನಡುವಿನ ತಗ್ಗಿಗೆ ಬಂದು, ತೆಳುವಾದ ನೀರಿನ ಹಾಳೆಯಾಗಿ ಕಿಲೋಮೀಟರುಗಟ್ಟಲೆ ಹಬ್ಬಿ, ಬಿಸಿಲಿಗೆ ಒಣಗಿ ಕೂರುತ್ತವೆ. ಸಾವಿರಾರು ವರ್ಷ ಹೀಗೆ ನಡೆದುದರ ಫಲವೇ ರೋಚ್, ಇವಾನ್‌ಪಾ ಎಂಬ ಹೆಸರಿನ ಒಣ ಕೆರೆಗಳು. ಆದ್ದರಿಂದ ಆ ಸಮತಟ್ಟು ನೆಲವೇ ಅಲ್ಲಿ ಪ್ರವಾಹ ಬರುತ್ತದೆ ಎಂಬುದಕ್ಕೆ ಸಾಕ್ಷಿ.

ಇದಕ್ಕೆ ಪಕ್ಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಹಳೆಯ ಉದಾಹರಣೆಯಿದೆ. ಎಡ್ವರ್ಡ್ಸ್ ವಾಯುನೆಲೆಯ ಬಳಿಯ ರೋಜರ್ಸ್ ಒಣ ಕೆರೆಯ ಗಟ್ಟಿ ತಳದ ಮೇಲೆ 1981ರಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಯಾವ ತೊಂದರೆಯೂ ಇಲ್ಲದೆ ಇಳಿಯಿತು. ಮರುವರ್ಷ ಮಾರ್ಚ್‌ನಲ್ಲಿ ಅದೇ ತಳ ಮಳೆಯಿಂದ ನೆನೆದಿದ್ದುದರಿಂದ ನೌಕೆಯನ್ನು ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿ ಇಳಿಸಬೇಕಾಯಿತು. ಅಲ್ಲಿನ ಜಿಪ್ಸಮ್ ಧೂಳು ನೌಕೆಯ ಸಂದುಗೊಂದುಗಳನ್ನೆಲ್ಲ ಹೊಕ್ಕಿತು. ಕೆಸರು ಮತ್ತು ಧೂಳು, ಒಣ ಕೆರೆಯ ಈ ಎರಡು ಮುಖಗಳನ್ನೂ ಒಂದೇ ಯಾನ ತೋರಿಸಿಕೊಟ್ಟಿತು.

ಹೀಗಾಗಿ ಇಂಥ ಕಡೆ ಕಟ್ಟುವವರು ರನ್‌ವೇಯನ್ನು ನೆಲಮಟ್ಟದಿಂದ ಎತ್ತರಿಸಬೇಕು, ಬೆಟ್ಟದಿಂದ ಇಳಿಯುವ ನೀರನ್ನು ಸುತ್ತುಗಾಲುವೆಗಳಲ್ಲಿ ತಿರುಗಿಸಬೇಕು, ತಿರುಗಿಸಿದ ನೀರು ಎಲ್ಲಿ ನಿಲ್ಲಬೇಕೆಂಬುದನ್ನೂ ನಿರ್ಧರಿಸಬೇಕು. ಕಣಿವೆಗೆ ಹೊರದಾರಿಯಿಲ್ಲದ ಕಾರಣ ಒಂದು ಕಡೆ ತಡೆದ ನೀರು ಅದೇ ಕಣಿವೆಯ ಇನ್ನೊಂದು ಕಡೆಗೇ ಹೋಗಬೇಕು. ಪಕ್ಕದಲ್ಲೇ ಹೆದ್ದಾರಿ, ರೈಲು ಹಳಿ, ಪ್ರಿಮ್ ಎಂಬ ಸಣ್ಣ ಊರು ಇವೆ. ಜೇಡಿ ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುತ್ತದೆ. ಮಣ್ಣಿನಲ್ಲಿ ಸಲ್ಫೇಟ್ ಲವಣಗಳಿದ್ದರೆ ಸಾಮಾನ್ಯ ಸಿಮೆಂಟಿನ ಕಾಂಕ್ರೀಟ್ ನಿಧಾನವಾಗಿ ಶಿಥಿಲವಾಗುತ್ತದೆ. ಕೆರೆಯ ತಳದ ಮೇಲ್ಪದರವನ್ನು ಯಂತ್ರಗಳ ಚಕ್ರಗಳು ಒಮ್ಮೆ ಒಡೆದರೆ, ಅಡಿಯ ಪುಡಿಮಣ್ಣನ್ನು ಗಾಳಿ ಸುಲಭವಾಗಿ ಎತ್ತುತ್ತದೆ. ಅದನ್ನು ತಡೆಯಲು ಕಾಮಗಾರಿಯುದ್ದಕ್ಕೂ ನೀರು ಚಿಮುಕಿಸಬೇಕು. ಅಷ್ಟು ನೀರು ಎಲ್ಲಿಂದ ಎಂಬ ಪ್ರಶ್ನೆಗೆ ಮುಂದೆ ಬರುತ್ತೇನೆ.

ಪ್ರಶ್ನೆ: ವಿಪರೀತ ಸೆಕೆಯಿಂದ ವಿಮಾನಗಳಿಗೆ ಏನಾದರೂ ತೊಂದರೆಯಿದೆಯೇ?

ಇದೆ. ಬಿಸಿಯಾದ ಗಾಳಿ ತೆಳುವಾಗುತ್ತದೆ. ರೆಕ್ಕೆಗೆ ಸಿಗುವ ಎತ್ತುವ ಬಲವೂ ಎಂಜಿನ್‌ಗೆ ಸಿಗುವ ಗಾಳಿಯೂ ಕಡಿಮೆಯಾಗುತ್ತವೆ. ಈ ಸ್ಥಳ ಸಮುದ್ರಮಟ್ಟದಿಂದ ಸುಮಾರು 2,600 ಅಡಿ ಎತ್ತರದಲ್ಲಿದ್ದರೂ, 40 ಡಿಗ್ರಿ ಸೆಲ್ಸಿಯಸ್ ಬಿಸಿಲಿನ ಮಧ್ಯಾಹ್ನ ವಿಮಾನದ ಪಾಲಿಗೆ ಅದು 6,000 ಅಡಿಗೂ ಮೇಲಿನ ಎತ್ತರದಲ್ಲಿ ಇದ್ದಂತೆಯೇ ಸರಿ. ಅಂಥ ಹೊತ್ತಿನಲ್ಲಿ ತುಂಬಿದ ವಿಮಾನ ಮೇಲೇಳಲು ಹೆಚ್ಚು ಉದ್ದದ ರನ್‌ವೇ ಬೇಕು, ಇಲ್ಲವೇ ಸರಕನ್ನೋ ಇಂಧನವನ್ನೋ ಪ್ರಯಾಣಿಕರನ್ನೋ ಕಡಿಮೆ ಮಾಡಬೇಕು. 2017ರ ಜೂನ್‌ನಲ್ಲಿ ನೆರೆಯ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ ಉಷ್ಣಾಂಶವು ಕೆಲವು ಸಣ್ಣ ಜೆಟ್‌ಗಳಿಗೆ ನಿಗದಿಯಾಗಿದ್ದ ಮಿತಿಯನ್ನು ದಾಟಿದ್ದರಿಂದ ಹಲವಾರು ಹಾರಾಟಗಳು ರದ್ದಾದವು. ಹ್ಯಾರಿ ರೀಡ್‌ನ ಅತಿ ಉದ್ದದ ರನ್‌ವೇ 14,500 ಅಡಿಯಷ್ಟಿರುವುದು ಸುಮ್ಮನೆ ಅಲ್ಲ. ಹೊಸ ಜಾಗದಲ್ಲಿ ಉದ್ದಕ್ಕೆ ಕೊರತೆಯಿಲ್ಲ. ಈ ಒಂದು ವಿಷಯದಲ್ಲಿ ಮರುಭೂಮಿ ಉದಾರವಾಗಿದೆ.

ಆದರೆ ಆಕಾಶ ನೆಲದಷ್ಟು ಖಾಲಿಯಿಲ್ಲ. ಹ್ಯಾರಿ ರೀಡ್‌ಗೆ ಬರುವ ಹೋಗುವ ವಿಮಾನಗಳ ದಾರಿಯಿಂದ ಇದರ ದಾರಿಯನ್ನು ಬೇರ್ಪಡಿಸಬೇಕು. 1994ರಲ್ಲಿ ರಚನೆಯಾದ ಮೊಹಾವಿ ರಾಷ್ಟ್ರೀಯ ಸಂರಕ್ಷಿತ ಪ್ರದೇಶದ ಮೇಲಿನ ಹಾರಾಟವನ್ನು, ಸುರಕ್ಷತೆಗೆ ಧಕ್ಕೆಯಾಗದಂತೆ, ಸಾಧ್ಯವಾದಷ್ಟು ಮಿತಗೊಳಿಸಬೇಕೆಂದು 2000ದ ಕಾನೂನೇ ಹೇಳುತ್ತದೆ. ಕ್ಯಾಲಿಫೋರ್ನಿಯಾ ಗಡಿಯಾಚೆಗಿನ ಇವಾನ್‌ಪಾ ಸೌರ ವಿದ್ಯುತ್ ಸ್ಥಾವರದ ಸಾವಿರಾರು ಕನ್ನಡಿಗಳ ಪ್ರಖರ ಹೊಳಪಿನ ಬಗ್ಗೆ ಪೈಲಟ್‌ಗಳು ದೂರಿದ್ದೂ ಉಂಟು.

ಪ್ರಶ್ನೆ: ಕೆಲವು ಆಮೆಗಳಿಗಾಗಿ ಇಷ್ಟು ದೊಡ್ಡ ಯೋಜನೆಯನ್ನು ತಡೆಯುವುದು ಸರಿಯೇ? ಅವುಗಳನ್ನು ಬೇರೆಡೆಗೆ ಸಾಗಿಸಬಹುದಲ್ಲ?

ಮೊಹಾವಿಯ ಮರುಭೂಮಿ ಆಮೆ 1990ರಿಂದ ಅಮೆರಿಕದ ಕಾನೂನಿನ ಪ್ರಕಾರ ಅಳಿವಿನ ಭೀತಿಯಲ್ಲಿರುವ ಜೀವಿ. ಅದು ಸಂತಾನಯೋಗ್ಯವಾಗಲು ಹದಿನೈದು ಇಪ್ಪತ್ತು ವರ್ಷ ಬೇಕು. ಬದುಕಿನ ಬಹುಭಾಗವನ್ನು ಬಿಲದೊಳಗೇ ಕಳೆಯುತ್ತದೆ. ಹೀಗಾಗಿ ಒಂದು ಜಾಗದಲ್ಲಿ ಎಷ್ಟು ಆಮೆಗಳಿವೆ ಎಂಬ ಎಣಿಕೆ ಸುಲಭವಾಗಿ ತಪ್ಪುತ್ತದೆ. ಮೇಲೆ ಹೇಳಿದ ಸೌರ ಸ್ಥಾವರ ಕಟ್ಟುವಾಗ ಆದದ್ದೂ ಅದೇ: ಅಂದಾಜಿಗಿಂತ ಹೆಚ್ಚು ಆಮೆಗಳು ಸಿಕ್ಕಿದ್ದರಿಂದ 2011ರಲ್ಲಿ ಕಾಮಗಾರಿಯ ಒಂದು ಭಾಗವನ್ನು ನಿಲ್ಲಿಸಬೇಕಾಯಿತು.

ಸಾಗಿಸುವುದು ಸಾಧ್ಯ, ಸಾಗಿಸಿಯೂ ಇದ್ದಾರೆ. ಆದರೆ ತನ್ನ ಬಿಲ, ಮೇವು, ಮಳೆನೀರು ನಿಲ್ಲುವ ಗುಳಿ ಇವನ್ನೆಲ್ಲ ಬಲ್ಲ ಪ್ರಾಣಿಯನ್ನು ಗುರುತಿಲ್ಲದ ನೆಲದಲ್ಲಿ ಬಿಟ್ಟರೆ ಅದು ಬಹಳ ದೂರ ಅಲೆಯುತ್ತದೆ, ಬಿಸಿಲಿಗೂ ಬೇಟೆಗೂ ಸಿಗುತ್ತದೆ. ಇನ್ನೊಂದು ಸಂಗತಿಯನ್ನು ಪ್ರಶ್ನೆ ಕೇಳಿದವರು ಗಮನಿಸಬೇಕೆಂದು ನನ್ನ ಕೋರಿಕೆ. ಜನ ಬಂದಲ್ಲಿ ಕಸ, ನೀರು, ವಿದ್ಯುತ್ ಕಂಬಗಳು ಬರುತ್ತವೆ; ಅವುಗಳ ಹಿಂದೆಯೇ ರೇವನ್ ಎಂಬ ದೊಡ್ಡ ಜಾತಿಯ ಕಾಗೆಗಳು ಬರುತ್ತವೆ. ಇನ್ನೂ ಚಿಪ್ಪು ಗಟ್ಟಿಯಾಗದ ಆಮೆಮರಿಗಳನ್ನು ಅವು ಕುಕ್ಕಿ ತಿನ್ನುತ್ತವೆ. ಬೇಲಿಯೊಳಗಿನ ಆಮೆಗಳನ್ನು ಸಾಗಿಸಿದರೂ ಬೇಲಿಯಾಚೆಯವುಗಳಿಗೆ ಆಗುವ ಹಾನಿ ಉಳಿದೇ ಇರುತ್ತದೆ. ಕಸವನ್ನು ಮುಚ್ಚಿಡುವುದರಿಂದ ಹಿಡಿದು ಕಂಬಗಳ ವಿನ್ಯಾಸದವರೆಗೆ ಎಲ್ಲವನ್ನೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಬೇಕು.

ಪ್ರಶ್ನೆ: ನೀರು ಎಲ್ಲಿಂದ ಬರುತ್ತದೆ?

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇದು. ಕೊಲರಾಡೊ ನದಿಯ ನೀರಿನಲ್ಲಿ ನೆವಾಡಾದ ವಾರ್ಷಿಕ ಪಾಲು 3 ಲಕ್ಷ ಎಕರೆ-ಅಡಿ (ಒಂದು ಎಕರೆಯ ಮೇಲೆ ಒಂದು ಅಡಿ ಆಳಕ್ಕೆ ನಿಲ್ಲುವ ನೀರು ಒಂದು ಎಕರೆ-ಅಡಿ) ಮಾತ್ರ. ಕ್ಯಾಲಿಫೋರ್ನಿಯಾದ ಪಾಲು 44 ಲಕ್ಷ. ಇಷ್ಟು ಕಡಿಮೆ ನೀರಿನಲ್ಲಿ ಲಾಸ್ ವೇಗಾಸ್ ಬೆಳೆದದ್ದು ಒಂದು ಅನುಕೂಲದಿಂದ. ಮನೆ, ಹೋಟೆಲುಗಳ ಒಳಗೆ ಬಳಸಿದ ನೀರನ್ನು ಅಲ್ಲಿ ಶುದ್ಧೀಕರಿಸಿ ಇಳಿಜಾರಿನ ಕಾಲುವೆಯ ಮೂಲಕ ಅದೇ ನದಿಯ ಮೀಡ್ ಜಲಾಶಯಕ್ಕೆ ಮರಳಿಸುತ್ತಾರೆ. ಮರಳಿಸಿದಷ್ಟನ್ನು ಮತ್ತೆ ಎತ್ತಿಕೊಳ್ಳುವ ಹಕ್ಕು ರಾಜ್ಯಕ್ಕಿದೆ. ಅಂದರೆ ಸ್ನಾನದ ನೀರು, ಪಾತ್ರೆ ತೊಳೆದ ನೀರು ಲೆಕ್ಕದಲ್ಲಿ ಖರ್ಚಾಗುವುದೇ ಇಲ್ಲ. ಹುಲ್ಲುಹಾಸಿಗೂ ತಂಪುಗೋಪುರಗಳಿಗೂ ಹೋಗಿ ಆವಿಯಾದದ್ದಷ್ಟೇ ನಿಜವಾದ ನಷ್ಟ.

ಇವಾನ್‌ಪಾದಲ್ಲಿ ಈ ಅನುಕೂಲವಿಲ್ಲ, ಏಕೆಂದರೆ ಅದು ಮೀಡ್ ಜಲಾಶಯದ ಕಡೆಗೆ ಇಳಿಯುವ ಕಣಿವೆಯೇ ಅಲ್ಲ. ಅಲ್ಲಿಗೆ ಕೊಳವೆಯಲ್ಲಿ ತಂದ ನೀರನ್ನು ಬಳಸಿದ ಮೇಲೆ ಬೆಟ್ಟಸಾಲು ದಾಟಿಸಿ ಪಂಪ್ ಮಾಡಿ ಹಿಂದಿರುಗಿಸದಿದ್ದರೆ ಪ್ರತಿ ಹನಿಯೂ ನೆವಾಡಾದ ಖಾತೆಯಿಂದ ಶಾಶ್ವತವಾಗಿ ಕಳೆದಂತೆ. ಮೀಡ್ ಜಲಾಶಯದ ಮಟ್ಟ ಕುಸಿದು 2021ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ನೀರಿನ ಕೊರತೆಯನ್ನು ಅಧಿಕೃತವಾಗಿ ಘೋಷಿಸಿದ ಮೇಲೆ ಈ ಲೆಕ್ಕಕ್ಕೆ ಮೊದಲಿಗಿಂತ ಹೆಚ್ಚಿನ ತೂಕ ಬಂದಿದೆ. ಆದ್ದರಿಂದ ಟರ್ಮಿನಲ್ ಅನ್ನು ನೀರು ಆವಿಯಾಗಿಸಿ ತಂಪು ಮಾಡುವ ಬದಲು ವಿದ್ಯುತ್ತಿನಿಂದ ತಂಪು ಮಾಡಬೇಕು. ಬಳಸಿದ ನೀರನ್ನು ಅಲ್ಲೇ ಶುದ್ಧೀಕರಿಸಿ ಶೌಚಾಲಯಗಳಿಗೆ, ಧೂಳು ಅಡಗಿಸಲು, ಬೆಂಕಿ ನಂದಿಸುವ ಸಂಗ್ರಹಕ್ಕೆ ಮರುಬಳಸಬೇಕು. ವಿದ್ಯುತ್ ವೆಚ್ಚ ಹೆಚ್ಚುವುದು ನಿಜ, ಆದರೆ ಬಿಸಿಲು ಧಾರಾಳವಾಗಿರುವ ಆ ಕಣಿವೆಯಲ್ಲಿ ವಿದ್ಯುತ್ತನ್ನು ಉತ್ಪಾದಿಸಬಹುದು, ನೀರನ್ನು ಉತ್ಪಾದಿಸಲಾಗದು.

ಪ್ರಶ್ನೆ: ಕೆನಡಾದ ಮಿರಾಬೆಲ್ ವಿಮಾನ ನಿಲ್ದಾಣದ ಗತಿ ಇದಕ್ಕೂ ಬರುವುದಿಲ್ಲವೇ? ನಿಮ್ಮ ಅಭಿಪ್ರಾಯವೇನು?

ಆತಂಕ ಸಹಜವಾದದ್ದೇ. ಮಾಂಟ್ರಿಯಲ್ ನಗರಕ್ಕಾಗಿ 1975ರಲ್ಲಿ ತೆರೆದ ಮಿರಾಬೆಲ್‌ನಿಂದ 2004ರಲ್ಲಿ ಪ್ರಯಾಣಿಕ ವಿಮಾನಗಳು ನಿಂತವು, 2014ರಲ್ಲಿ ಟರ್ಮಿನಲ್ ಕೆಡವುವ ಕೆಲಸ ಶುರುವಾಯಿತು. ಹಳೆಯ ಡೋರ್ವಲ್ ನಿಲ್ದಾಣವನ್ನು ಮುಚ್ಚದೆ, ದೇಶದೊಳಗಿನ ವಿಮಾನಗಳನ್ನು ಅಲ್ಲಿ, ವಿದೇಶದವನ್ನು ಇಲ್ಲಿ ಎಂದು ಹಂಚಿದ್ದರಿಂದ ವಿಮಾನ ಬದಲಿಸುವವರಿಗೆ ಅದು ಬೇಡವಾಯಿತು. ಯೋಜಿಸಿದ್ದ ರೈಲು ಸಂಪರ್ಕವೂ ಪೂರ್ತಿಯಾಗಲಿಲ್ಲ.

ಇವಾನ್‌ಪಾ ಯೋಜನೆಯಲ್ಲಿಯೂ ಹ್ಯಾರಿ ರೀಡ್ ತೆರೆದೇ ಇರುತ್ತದೆ. ಆದರೆ ಲಾಸ್ ವೇಗಾಸ್‌ಗೆ ಬರುವವರಲ್ಲಿ ಹೆಚ್ಚಿನವರು ಅಲ್ಲಿಗೇ ಬರುವವರು, ವಿಮಾನ ಬದಲಿಸಿ ಮುಂದೆ ಹೋಗುವವರಲ್ಲ. ಹಂಚಿಕೆಯ ಪೆಟ್ಟು ಅಷ್ಟರಮಟ್ಟಿಗೆ ಕಡಿಮೆ. ನನಗೆ ಹೆಚ್ಚಿನ ಚಿಂತೆ ಕಾಲದ ಬಗ್ಗೆ. ಯೋಜನೆಯ ಪರಿಸರ ಅಧ್ಯಯನ 2006ರಲ್ಲಿ ಶುರುವಾಗಿ, 2007ರಲ್ಲಿ 4 ಕೋಟಿ 77 ಲಕ್ಷವಿದ್ದ ಪ್ರಯಾಣಿಕರ ಸಂಖ್ಯೆ ಆರ್ಥಿಕ ಕುಸಿತದಿಂದ 4 ಕೋಟಿಗೂ ಕೆಳಗೆ ಇಳಿದ 2010ರಲ್ಲಿ ನಿಂತುಹೋಯಿತು. ಆಗ ಅವಸರದಲ್ಲಿ ಕಟ್ಟಿದ್ದರೆ ಕೌಂಟಿ ಸಾಲದಲ್ಲಿ ಮುಳುಗುತ್ತಿತ್ತು. ಈಗಲೂ ಒಮ್ಮೆಗೇ ಎಲ್ಲವನ್ನೂ ಕಟ್ಟದೆ, ಹ್ಯಾರಿ ರೀಡ್ ನಿಜವಾಗಿ ತುಂಬಿದಂತೆ ಹಂತಹಂತವಾಗಿ ಹೋಗುವುದು ಸರಿ ಎಂದು ನಾನು ನಂಬಿದ್ದೇನೆ.

ರೈಲಿನ ವಿಷಯದಲ್ಲಿ ಮಾತ್ರ ಕಾಯಬಾರದು. ಲಾಸ್ ವೇಗಾಸ್‌ನಿಂದ ಕ್ಯಾಲಿಫೋರ್ನಿಯಾದ ರಾಂಚೊ ಕುಕಮಾಂಗಾಕ್ಕೆ ಹೆದ್ದಾರಿ 15ರ ಜೊತೆಜೊತೆಗೆ ಸಾಗುವ ವೇಗದ ರೈಲು ಮಾರ್ಗದ ಕಾಮಗಾರಿಗೆ 2024ರ ಏಪ್ರಿಲ್‌ನಲ್ಲಿ ಚಾಲನೆ ಸಿಕ್ಕಿದೆ. ಆ ಹಳಿ ಇದೇ ಕಣಿವೆಯ ನಡುವೆ ಹಾದುಹೋಗಬೇಕು. ಟರ್ಮಿನಲ್‌ನ ಮೊದಲ ನಕ್ಷೆಯಲ್ಲೇ ರೈಲು ನಿಲ್ದಾಣಕ್ಕೆ ಜಾಗ ಗುರುತಿಸಿದ್ದಾರೆಯೇ ಎಂದು ನಾನು ಮೊದಲು ನೋಡುತ್ತೇನೆ.