ಓದುಗರ ಪ್ರಶ್ನೆ: ಕೊರಿಯನ್ನರ ಇಂಗ್ಲಿಷ್‌ನಲ್ಲಿ ‘ಬೇಕು’, ‘ಬಾರದು’

ಪ್ರಶ್ನೆ: ಕೊರಿಯಾದ ಕಚೇರಿ ಉದ್ಯೋಗಿಗಳಿಗೆ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ವ್ಯಾಕರಣ ಚೆನ್ನಾಗಿ ಬಲ್ಲವರೂ ಮೇಲಧಿಕಾರಿಗೆ ‘ಯು ಹ್ಯಾಡ್ ಬೆಟರ್ ಚೆಕ್ ದಿಸ್ ಫೈಲ್’ ಎಂದು ಬರೆಯುತ್ತಾರೆ. ಒರಟು ಜನವಂತೂ ಅಲ್ಲ. ಎಲ್ಲಿ ತಪ್ಪುತ್ತಿದೆ?
– ಓದುಗರೊಬ್ಬರು, ಮೈಸೂರು

ಉತ್ತರ: ತಪ್ಪು ಇರುವುದು ಅವರು ಬಾಯಿಪಾಠ ಮಾಡಿದ ಅರ್ಥದಲ್ಲಿ. ‘ಹ್ಯಾಡ್ ಬೆಟರ್’ ಅಂದರೆ ‘ಮಾಡುವುದು ಒಳ್ಳೆಯದು’ ಎಂದು ಕಲಿತಿರುತ್ತಾರೆ. ಕೊರಿಯನ್‌ನಲ್ಲಿ ಆ ಮಾತು ಮೆತ್ತಗಿನ ಸಲಹೆ. ಇಂಗ್ಲಿಷ್‌ನಲ್ಲಿ ಅದರ ಬೆನ್ನಿಗೇ ‘ಇಲ್ಲದಿದ್ದರೆ ತೊಂದರೆಯಾದೀತು’ ಎಂಬ ಎಚ್ಚರಿಕೆ ಬರುತ್ತದೆ.

‘ಮಸ್ಟ್’, ‘ಹ್ಯಾವ್ ಟು’, ‘ಶುಡ್’ ಮೂರಕ್ಕೂ ಅವರ ತಲೆಯಲ್ಲಿರುವುದು ಒಂದೇ ರೂಪ: ‘ಹೆಯಾ ಹಾದಾ’. ನಮ್ಮ ‘ಮಾಡಬೇಕು’ ಇದ್ದ ಹಾಗೆ. ಕೊರಿಯನ್‌ನಲ್ಲಿ ಗೌರವವನ್ನು ಹೊರುವುದು ಕ್ರಿಯಾಪದದ ಕೊನೆಯ ಪ್ರತ್ಯಯ. ‘ಯೊ’ ಹಚ್ಚಿದರೆ ಸಾಕು, ಮಾತು ನಯವಾಗುತ್ತದೆ. ಇಂಗ್ಲಿಷ್‌ನಲ್ಲಿ ಹಾಗೆ ಹಚ್ಚಲು ಪ್ರತ್ಯಯವಿಲ್ಲ, ಆ ಭಾರದ ಬಹುಪಾಲು ‘ಮಸ್ಟ್’, ‘ಶುಡ್’, ‘ಕುಡ್’ನಂಥ ಸಹಾಯಕ ಕ್ರಿಯಾಪದದ ಮೇಲೇ ಬೀಳುತ್ತದೆ. ಮೇಲಧಿಕಾರಿಗಾದರೆ ‘ಕುಡ್ ಯು ಚೆಕ್ ದಿಸ್ ಫೈಲ್’ ಎನ್ನಬೇಕು. ಇದನ್ನು ಮೊದಲ ಪಾಠದಲ್ಲೇ ಬಿಡಿಸಿ ಹೇಳಿ. ಉಳಿದ ತಿದ್ದುಪಡಿಗಳೆಲ್ಲ ಆಮೇಲೆ ಸಲೀಸು.

ಹೆಚ್ಚು ಅಪಾಯ ಇರುವುದು ನಿಷೇಧದಲ್ಲಿ. ‘ನಾಳೆ ಬರಬೇಕಾಗಿಲ್ಲ’ ಎನ್ನಲು ಹೋಗಿ ‘ಯು ಮಸ್ಟ್ ನಾಟ್ ಕಮ್ ಟುಮಾರೊ’, ಅಂದರೆ ‘ನಾಳೆ ಬರಬಾರದು’, ಎಂದುಬಿಡುತ್ತಾರೆ. ಮಸ್ಟ್, ಹ್ಯಾವ್ ಟು ಎರಡೂ ಒಂದೇ ಎಂದು ಕಲಿತವರು, ‘ನಾಟ್’ ಸೇರಿಸಿದಾಗಲೂ ಒಂದೇ ಎಂದುಕೊಳ್ಳುವುದು ಸಹಜ. ಇಲ್ಲಿ ಕನ್ನಡಿಗರಾದ ನಿಮಗೆ ಒಂದು ಅನುಕೂಲವಿದೆ. ಕೊರಿಯನ್‌ನ ‘ಆನ್ ಹೆದೊ ದ್ವೆ’ ಪದಕ್ಕೆ ಪದ ನಮ್ಮ ‘ಮಾಡದಿದ್ದರೂ ಆಗುತ್ತೆ’; ‘ಹಾಮ್ಯೊನ್ ಆನ್ ದ್ವೆ’ ನಮ್ಮ ‘ಮಾಡಿದರೆ ಆಗಲ್ಲ’. ವ್ಯತ್ಯಾಸ ಅವರ ಭಾಷೆಯಲ್ಲೇ ಇದೆ. ಮೊದಲನೆಯದಕ್ಕೆ ‘ಡೋಂಟ್ ಹ್ಯಾವ್ ಟು’, ಎರಡನೆಯದಕ್ಕೆ ‘ಮಸ್ಟ್ ನಾಟ್’ ಜೋಡಿಸಿ. ಆಮೇಲೆ ಬರಿಯ ‘ಮಸ್ಟ್’ ಕಡೆಗೆ ಬನ್ನಿ.

ಅಭ್ಯಾಸಕ್ಕೆ ಒಂದೇ ಸಂದರ್ಭ ಸಾಕು. ‘ಶುಕ್ರವಾರದೊಳಗೆ ವರದಿ ಬೇಕು’ ಎಂಬುದನ್ನು ಗೆಳೆಯನಿಗೆ, ಕಿರಿಯರಿಗೆ, ಮೇಲಧಿಕಾರಿಗೆ ಮೂರು ಸಲ ಬರೆಸಿ. ಪ್ರತಿ ಸಲವೂ ‘ಇದನ್ನು ಮಾಡದಿದ್ದರೆ ಏನಾಗುತ್ತದೆ?’ ಎಂದು ಕೇಳಿ. ಏನೂ ಆಗದಿದ್ದರೆ ಅಲ್ಲಿ ‘ಮಸ್ಟ್’ ಬೇಡ.

ಪ್ರಶ್ನೆ: ‘ಐ ವಿಲ್ ಕ್ಯಾನ್ ಡು’ ಎಂಬ ತಪ್ಪು ಎಷ್ಟು ತಿದ್ದಿದರೂ ಮರುಕಳಿಸುತ್ತದೆ. ಯಾಕೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ‘ಕ್ಯಾನ್’ಗೆ ಕೊರಿಯನ್‌ನಲ್ಲಿರುವುದು ‘ಹಲ್ ಸು ಇತ್ತಾ’. ಅಕ್ಷರಶಃ ‘ಮಾಡುವ ದಾರಿ ಇದೆ’. ಆ ‘ಇದೆ’ ಮಾಮೂಲು ಕ್ರಿಯಾಪದವಾದ್ದರಿಂದ ಭವಿಷ್ಯದ ರೂಪವೂ ಅದಕ್ಕೆ ಸರಾಗವಾಗಿ ಸೇರುತ್ತದೆ. ಇಂಗ್ಲಿಷ್‌ನ ‘ಕ್ಯಾನ್’ ಹಾಗೆ ‘ವಿಲ್’ನಂಥ ಇನ್ನೊಂದು ಸಹಾಯಕ ಕ್ರಿಯಾಪದದ ಜೊತೆ ನಿಲ್ಲುವುದಿಲ್ಲ. ‘ವಿಲ್ ಬಿ ಏಬಲ್ ಟು’ ಆಗಬೇಕು. ‘ಕುಡ್’ ವಿಷಯದಲ್ಲೂ ಹುಷಾರು: ನಿನ್ನೆ ಒಂದು ಸಲ ಕೈಗೂಡಿದ ಕೆಲಸಕ್ಕೆ ‘ಐ ಕುಡ್ ಪಾಸ್ ದ ಟೆಸ್ಟ್’ ಸಲ್ಲದು. ‘ವಾಸ್ ಏಬಲ್ ಟು’ ಅಥವಾ ಸೀದಾ ‘ಪಾಸ್ಡ್’ ಎನ್ನಿಸಿ. ಆದರೆ ‘ಕುಡಂಟ್’ ಒಂದು ಸಲದ ಕೆಲಸಕ್ಕೂ ಸಾಮಾನ್ಯ ಸಾಮರ್ಥ್ಯಕ್ಕೂ ನಡೆಯುತ್ತದೆ.