ಒಗ್ಗರಣೆ ಕಹಿಯಾಗುವುದೇಕೆ?

ಪ್ರಶ್ನೆ: ಪ್ರಕಾಶ್ ರಾಜ್ ಅವರ ‘ಒಗ್ಗರಣೆ’ ಸಿನಿಮಾ ನೋಡಿದ ಮೇಲೆ ಅಡುಗೆ ಕಲಿಯುವ ಆಸೆ ಹುಟ್ಟಿದೆ. ಆದರೆ ನಾನು ಸಾರಿಗೆ ಹಾಕುವ ಒಗ್ಗರಣೆ ಒಂದು ದಿನ ಕಹಿ, ಇನ್ನೊಂದು ದಿನ ಘಮವೇ ಇಲ್ಲ. ತಪ್ಪು ಎಲ್ಲಿದೆ? ಅಂದ ಹಾಗೆ, ಆ ಕಥೆ ಕನ್ನಡದ್ದೇ ಏನು?
– ಓದುಗರು, ಬಸವನಗುಡಿ

ಉತ್ತರ: ಕಥೆ ಮಲಯಾಳದ್ದು. 2011ರ ‘ಸಾಲ್ಟ್ ಅಂಡ್ ಪೆಪ್ಪರ್’ ಚಿತ್ರವನ್ನು ಪ್ರಕಾಶ್ ರಾಜ್ 2014ರಲ್ಲಿ ಕನ್ನಡಕ್ಕೆ ತಂದರು. ಹೆಸರು ಮಾತ್ರ ಅಚ್ಚ ನಮ್ಮದು, ಕಥೆಗೆ ಅದಕ್ಕಿಂತ ಒಪ್ಪುವ ಹೆಸರಿಲ್ಲ.

ಇನ್ನು ನಿಮ್ಮ ಸಾರು. ನಾಲ್ಕು ಜನರಿಗಾಗುವಷ್ಟು ಸಾರಿಗೆ 2 ಟೀ ಚಮಚ ತುಪ್ಪ, ಅರ್ಧ ಚಮಚ ಸಾಸಿವೆ, ಕಾಲು ಚಮಚ ಜೀರಿಗೆ, ಒಂದು ಬ್ಯಾಡಗಿ ಮೆಣಸಿನಕಾಯಿ, ಚಿಟಿಕೆ ಇಂಗು, ಎಂಟು-ಹತ್ತು ಎಲೆ ಕರಿಬೇವು ಸಾಕು. ಅಗಲ ಬಾಣಲೆ ಬೇಡ. ಇಷ್ಟು ಕಡಿಮೆ ತುಪ್ಪ ಅದರಲ್ಲಿ ತೆಳ್ಳಗೆ ಹರಡಿ ಸಾಸಿವೆ ಮುಳುಗುವುದೇ ಇಲ್ಲ, ಅರ್ಧ ಸಿಡಿದು ಅರ್ಧ ಸೀಯುತ್ತದೆ. ಚಿಕ್ಕಪೇಟೆಯ ಪಾತ್ರೆ ಅಂಗಡಿಯಿಂದ ಗುಂಡಿ ಇರುವ ಕಬ್ಬಿಣದ ಒಗ್ಗರಣೆ ಸೌಟು ತನ್ನಿ.

ತುಪ್ಪ ಕಾದಿದೆಯೇ ಎಂದು ನೋಡಲು ಎರಡೇ ಕಾಳು ಸಾಸಿವೆ ಹಾಕಿ. ತಕ್ಷಣ ಸಿಡಿದರೆ ಉಳಿದದ್ದನ್ನೂ ಹಾಕಿ, ಉರಿ ಸಣ್ಣ ಮಾಡಿ. ಚಟಪಟ ಸದ್ದು ಪೂರ್ತಿ ಇಳಿಯುವವರೆಗೆ ಕಾಯಬೇಕು, ಸಿಡಿಯದ ಸಾಸಿವೆ ಬಾಯಿಗೆ ಸಿಕ್ಕರೆ ಕಹಿ. ಆಮೇಲೆ ಜೀರಿಗೆ, ಮುರಿದ ಮೆಣಸಿನಕಾಯಿ. ಮೆಣಸಿನಕಾಯಿ ಉಬ್ಬಿ ಕಡುಗೆಂಪಾದ ಕೂಡಲೇ ಒಲೆ ಆರಿಸಿ. ಇಂಗು ಮತ್ತು ಕರಿಬೇವು ಹಾಕುವುದು ಒಲೆ ಆರಿದ ಮೇಲೆಯೇ. ಅಂಗಡಿಯ ಇಂಗಿನ ಪುಡಿಯಲ್ಲಿ ಹಿಟ್ಟು ಬೆರೆತಿರುತ್ತದೆ, ಉರಿಯ ಮೇಲೆ ಕ್ಷಣದಲ್ಲಿ ಕಪ್ಪಾಗುತ್ತದೆ. ನಿಮ್ಮ ಕಹಿಗೆ ಇದೇ ಕಾರಣ ಇರಬಹುದು. ಕರಿಬೇವನ್ನು ತೊಳೆದು ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಎಲೆಯಲ್ಲಿ ನೀರಿದ್ದರೆ ತುಪ್ಪ ಕೈ ಮೇಲೆ ಹಾರುತ್ತದೆ.

ಘಮ ಇಲ್ಲದಿರುವುದಕ್ಕೆ ಕಾರಣ ಬೇರೆ: ಒಗ್ಗರಣೆ ಹಾಕಿದ ಮೇಲೂ ಸಾರು ಕುದಿಸುತ್ತಿದ್ದೀರಿ ಎನಿಸುತ್ತದೆ. ಇಂಗು, ಕರಿಬೇವಿನ ಪರಿಮಳ ಜಿಡ್ಡಿಗೆ ಇಳಿಯುತ್ತದೆ ನಿಜ, ಆದರೆ ಕುದಿಯಲ್ಲಿ ಹಬೆಯ ಜೊತೆ ಹಾರಿಹೋಗುತ್ತದೆ. ಮೊದಲು ಸಾರು ಕುದಿಸಿ ಇಳಿಸಿ. ಒಗ್ಗರಣೆ ಸುರಿದ ಮರುಕ್ಷಣ ಮುಚ್ಚಿ, ಐದು ನಿಮಿಷ ತಟ್ಟೆ ತೆಗೆಯಬೇಡಿ.

ಪ್ರಶ್ನೆ: ಚಿತ್ರಾನ್ನದಲ್ಲಿ ಕಡಲೆಬೇಳೆ ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ಮೊಸರನ್ನಕ್ಕೆ ಒಗ್ಗರಣೆ ಹಾಕಿದರೆ ಮೊಸರು ಒಡೆದಂತಾಗುತ್ತದೆ.
– ಓದುಗರು, ಮಲ್ಲೇಶ್ವರ

ಉತ್ತರ: ಕಡಲೆಬೇಳೆಯನ್ನು ಹತ್ತು ನಿಮಿಷ ನೆನೆಸಿ, ಒರೆಸಿ, ಸಣ್ಣ ಉರಿಯಲ್ಲಿ ಹುರಿಯಿರಿ. ಉದ್ದಿನಬೇಳೆ ಬೇಗ ಕೆಂಪಾಗುತ್ತದೆ, ಅದನ್ನು ತಡವಾಗಿ ಹಾಕಿ. ಮೊಸರನ್ನಕ್ಕೆ ಅನ್ನವೂ ಒಗ್ಗರಣೆಯೂ ಬೆರಳಿಗೆ ಬೆಚ್ಚಗೆನಿಸುವಷ್ಟು ಆರಿರಲಿ. ಅನ್ನವನ್ನು ಬಿಸಿ ಇರುವಾಗ ಹಾಲು ಹಾಕಿ ಮಸೆದಿಟ್ಟು, ಆರಿದ ಮೇಲೆ ಮೊಸರು ಕಲಸಿದರೆ ಸಂಜೆಯವರೆಗೂ ಹುಳಿಯಾಗದು.