‘ಕಸಿನ್’ ಪದದೊಳಗೆ ಅಡಗಿರುವ ಅಕ್ಕತಂಗಿಯರು

ಪ್ರಶ್ನೆ: ನಮ್ಮ ಮನೆಯ ಮಕ್ಕಳು ಚಿಕ್ಕಮ್ಮನ ಮಗನನ್ನೂ ಸೋದರಮಾವನ ಮಗಳನ್ನೂ ‘ಕಸಿನ್’ ಎಂದೇ ಪರಿಚಯಿಸುತ್ತಾರೆ. ಈ ಪದದ ಮೂಲ ಯಾವುದು? ಇದಕ್ಕೆ ಸರಿಸಮನಾದ ಕನ್ನಡ ಪದವಿದೆಯೇ?

ಉತ್ತರ: ಇಂಗ್ಲಿಷಿಗೆ ಈ ಪದ ಫ್ರೆಂಚಿನಿಂದ ಬಂತು, ಫ್ರೆಂಚಿನ ರೂಪವೋ ಲ್ಯಾಟಿನ್ನಿನ ‘ಕೊನ್ಸೊಬ್ರೀನುಸ್’ ಜನರ ಬಾಯಲ್ಲಿ ಸವೆದು ಉಳಿದದ್ದು. ಅದರಲ್ಲಿ ‘ಕೊನ್’ ಎಂದರೆ ಜೊತೆ. ಉಳಿದ ಭಾಗಕ್ಕೆ, ಸಹೋದರಿ ಎಂಬ ಅರ್ಥದ ಲ್ಯಾಟಿನ್ ಪದ ‘ಸೊರೊರ್’ ಜೊತೆಗೂ ಸಂಸ್ಕೃತದ ‘ಸ್ವಸೃ’ ಜೊತೆಗೂ ಹತ್ತಿರದ ನಂಟು. ಆದ್ದರಿಂದ ಮೊದಲಿಗೆ ಇದು ಅಕ್ಕತಂಗಿಯರ ಮಕ್ಕಳು ಪರಸ್ಪರ ಏನಾಗಬೇಕೆಂದು ತಿಳಿಸುವ ಪದವಾಗಿತ್ತು. ಅಣ್ಣತಮ್ಮಂದಿರ ಮಕ್ಕಳಿಗೆ ‘ಪತ್ರುಏಲಿಸ್’ ಎಂದೂ, ಒಬ್ಬರು ಸೋದರನ, ಇನ್ನೊಬ್ಬರು ಅವನ ಸೋದರಿಯ ಮಕ್ಕಳಾಗಿದ್ದರೆ ‘ಅಮಿತೀನುಸ್’ ಎಂದೂ ಬೇರೆ ಹೆಸರುಗಳಿದ್ದವು. ಕ್ರಿ.ಶ. 2ನೆಯ ಶತಮಾನದ ರೋಮನ್ ನ್ಯಾಯಶಾಸ್ತ್ರಜ್ಞ ಗಾಯುಸ್ ಈ ಮೂರನ್ನೂ ಬಿಡಿಸಿ ಹೇಳಿ, ಸಾಮಾನ್ಯ ಜನರು ಮಾತ್ರ ಎಲ್ಲರನ್ನೂ ‘ಕೊನ್ಸೊಬ್ರೀನುಸ್’ ಎಂದೇ ಕರೆಯುತ್ತಾರೆ ಎಂದು ಬರೆದಿದ್ದಾನೆ. ನಿಮ್ಮ ಮನೆಯ ಮಕ್ಕಳು ಮಾಡುತ್ತಿರುವುದನ್ನು ರೋಮಿನ ಜನ ಆಗಲೇ ಮಾಡಿದ್ದರು!

ಫ್ರೆಂಚಿನಿಂದ ಈ ಪದ ಜರ್ಮನ್, ಸ್ವೀಡಿಷ್, ಪೋಲಿಷ್, ರಷ್ಯನ್, ಟರ್ಕಿಷ್ ಭಾಷೆಗಳಿಗೂ ಹೋಯಿತು. ಜರ್ಮನ್ನಿನಲ್ಲಿ ಗಂಡು ಕಸಿನ್‌ಗೆ ‘ಫೆಟರ್’ ಎಂಬ ದೇಶೀಯ ಪದ ಇಂದಿಗೂ ಬಳಕೆಯಲ್ಲಿದೆಯಾದರೂ, ಅದರ ಸ್ತ್ರೀಲಿಂಗದ ಜೋಡಿಯಾಗಿದ್ದ ‘ಬಾಸೆ’ಯ ಜಾಗವನ್ನು ಫ್ರೆಂಚಿನಿಂದ ಬಂದ ‘ಕುಸೀನೆ’ ಬಹುಮಟ್ಟಿಗೆ ಹಿಡಿದಿದೆ. ಸ್ಪ್ಯಾನಿಷ್ ಭಾಷೆಯಲ್ಲಿ, ಲ್ಯಾಟಿನ್ ಪದದ ‘ಕೊನ್’ ಬಿಟ್ಟುಳಿದ ಭಾಗದಿಂದಲೇ ಬಂದ ‘ಸೊಬ್ರಿನೊ’ ಎಂದರೆ ಅಣ್ಣತಮ್ಮಂದಿರ ಅಥವಾ ಅಕ್ಕತಂಗಿಯರ ಮಗ.

ಇನ್ನು ಕನ್ನಡದ ಮಾತು. ಸರಿಸಮನಾದ ಒಂದೇ ಪದ ನಮ್ಮಲ್ಲಿಲ್ಲ, ಹೊಸದಾಗಿ ಕಟ್ಟುವ ಅಗತ್ಯವೂ ನನಗೆ ಕಾಣುವುದಿಲ್ಲ. ದೊಡ್ಡಪ್ಪ ಚಿಕ್ಕಪ್ಪಂದಿರ, ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿಯರೇ. ಸೋದರಮಾವ ಮತ್ತು ಸೋದರತ್ತೆಯ ಮಕ್ಕಳಾದರೋ ಹಲವು ಸಮುದಾಯಗಳಲ್ಲಿ ಹೆಣ್ಣು ಕೊಟ್ಟು ತರುವ ಸಂಬಂಧದವರಾದ್ದರಿಂದ ಭಾವ, ಭಾವಮೈದುನ, ಅತ್ತಿಗೆ, ನಾದಿನಿ ಎನಿಸಿಕೊಳ್ಳುತ್ತಾರೆ. ಕೊನ್ಸೊಬ್ರೀನುಸ್ ಮೊದಲು ಯಾರನ್ನು ಹೆಸರಿಸುತ್ತಿತ್ತೋ ಅವರನ್ನು, ಅಂದರೆ ಅಕ್ಕತಂಗಿಯರ ಮಕ್ಕಳನ್ನು, ಕನ್ನಡವು ಒಡಹುಟ್ಟಿದವರಿಂದ ಬೇರೆ ಮಾಡುವುದೇ ಇಲ್ಲ. ‘ಕಸಿನ್ ಬ್ರದರ್’, ‘ಕಸಿನ್ ಸಿಸ್ಟರ್’ ಎಂದು ನಾವು ಸೇರಿಸಿ ಹೇಳುವುದನ್ನು ಇಂಗ್ಲಿಷ್ ಬಲ್ಲವರು ತಪ್ಪೆಂದು ತಿದ್ದುವುದುಂಟು. ಆದರೆ ಅಣ್ಣನೋ ತಂಗಿಯೋ ಎಂದು ಹೇಳದೆ ಸಂಬಂಧವನ್ನು ಹೆಸರಿಸಿ ರೂಢಿಯಿಲ್ಲದ ನಾಲಗೆಗೆ ಆ ಸೇರ್ಪಡೆ ಸಹಜವಾದದ್ದೆಂದೇ ನನ್ನ ಅಭಿಪ್ರಾಯ. ಅನುವಾದ ಮಾಡುವವರು ಮಾತ್ರ ‘ಕಸಿನ್’ ಎದುರಾದಾಗ, ದೊಡ್ಡಪ್ಪ ಚಿಕ್ಕಮ್ಮಂದಿರ ಮಕ್ಕಳೋ ಸೋದರಮಾವ ಸೋದರತ್ತೆಯರ ಮಕ್ಕಳೋ, ಗಂಡೋ ಹೆಣ್ಣೋ, ಹಿರಿಯರೋ ಕಿರಿಯರೋ ಎಂಬುದನ್ನು ಮೂಲದಲ್ಲಿ ಹುಡುಕಿ ತಿಳಿದೇ ಕನ್ನಡದ ಪದವನ್ನು ಆರಿಸಬೇಕಾಗುತ್ತದೆ.